ಹನ್ನೆರಡರ ನಂತರದ ತಾರೀಖುಗಳು

ಕಳೆದ ವಾರ ಪತ್ರಿಕೆಯ ಒಳಪುಟದಲ್ಲಿ ಅವರ ಭಾವಚಿತ್ರ ಬಂದಿತ್ತು. ಕೆಳಗೆ ಮೂರು ಸಾಲು. "ಶಾಂತ ಸ್ವಭಾವದವರೂ ಸಹನಾಶೀಲರೂ ಆಗಿದ್ದ" ಎಂದು ಮೊದಲ ಸಾಲು ಶುರುವಾಗುತ್ತಿತ್ತು. ಅಷ್ಟು ಓದಿ ಪತ್ರಿಕೆಯನ್ನು ಮುದ್ದೆ ಮಾಡಿ ಎಸೆದೆ. ಏನಾಯಿತೆಂದು ಹೆಂಡತಿ ಒಳಗಿನಿಂದ ಕೇಳಿದಳು. "ಸುಳ್ಳು ಬರದಾರ" ಅಂದೆ.

ಅವರು ಶಾಂತ ಸ್ವಭಾವದವರಾಗಿರಲಿಲ್ಲ. ಸಹನೆಯಂತೂ ಅವರ ಹತ್ತಿರ ಸುಳಿಯುತ್ತಿರಲಿಲ್ಲ. ತೀರಿಕೊಂಡ ಹೆಂಗಸಿನ ಬಗ್ಗೆ ಹೇಳಲು ಈ ಎರಡು ಮಾತು ಬಿಟ್ಟರೆ ಮೂರನೆಯದು ನಮ್ಮ ಜನಕ್ಕೆ ಹೊಳೆಯುವುದೇ ಇಲ್ಲ. ಸಿಟ್ಟು ಅವರ ಸ್ವಭಾವ, ಆ ಸಿಟ್ಟಿಗೆ ಕಾರಣವೂ ಇತ್ತು. ಆ ಕಾರಣಗಳಲ್ಲಿ ಒಂದು ನಾನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರನ್ನು ನಾವೆಲ್ಲ ಬಾಯಾರು ಎನ್ನುತ್ತಿದ್ದೆವು. ಓದಿ ನೌಕರಿ ಮಾಡುವ ಹೆಂಗಸರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ಊರು ಕರ್ಜಗಿ. ಅಲ್ಲಿಂದ ಹಾವೇರಿಗೆ ಒಂದು ಬಸ್ಸು, ಹಾವೇರಿಯಿಂದ ಬ್ಯಾಡಗಿಗೆ ಇನ್ನೊಂದು. ಹತ್ತಿ ಬೀಜ ಬೆಳೆಯುವ ರೈತರ ಸಂಘವೊಂದರ ಬ್ಯಾಡಗಿ ಶಾಖೆಯನ್ನು ಅವರು ಒಬ್ಬರೇ ನಡೆಸುತ್ತಿದ್ದರು. ರೈತರು ತಂದ ಬೀಜವನ್ನು ತೂಗಿಸಿಕೊಳ್ಳುವುದು, ಪರೀಕ್ಷೆಗೆ ಕಳಿಸುವುದು, ಪರೀಕ್ಷೆಯಲ್ಲಿ ಪಾಸಾದರೆ ಹಣ ಕೊಡುವುದು. ಶಾಖೆಯಿದ್ದದ್ದು ಮೆಣಸಿನಕಾಯಿ ಗೋದಾಮುಗಳ ಸಾಲಿನಲ್ಲಿ. ರಾಣೆಬೆನ್ನೂರಿನ ಮುಖ್ಯ ಕಚೇರಿಯಿಂದ ಹೋದವರು ಘಾಟಿಗೆ ಸೀನುತ್ತ ಕಣ್ಣೊರೆಸಿಕೊಳ್ಳುತ್ತ ಕೂತರೆ ಬಾಯಾರು, "ನಿಮ್ಮ ಸೀನು ಮುಗದ ಮ್ಯಾಲ ಮಾತಾಡೂನು" ಎಂದು ತಮ್ಮ ಕೆಲಸಕ್ಕೆ ತಿರುಗುತ್ತಿದ್ದರು.

ನಾನು ಮೊದಲ ಸಲ ಅವರನ್ನು ಕಂಡ ದಿನ ಕೌಂಟರಿನ ಮುಂದೆ ಒಬ್ಬ ಗಂಡಸು ನಿಂತಿದ್ದ. ಹೆಂಡತಿಯ ಹೆಸರಿನ ಬೀಜದ ಹಣ ತೆಗೆದುಕೊಳ್ಳಲು ಬಂದವನು.

"ಪ್ಲಾಟು ಯಾರ ಹೆಸರಿಲೆ ಐತಿ?"

"ಫಕ್ಕೀರವ್ವ ಅಂತ್ರಿ. ನನ್ನ ಹೇಣ್ತಿನ."

"ಮೂರು ತಿಂಗಳು ಬಿಸಲಾಗ ನಿಂತು ಹೂವು ಮುಟ್ಟಿ ಮುಟ್ಟಿ ಕ್ರಾಸಿಂಗ್ ಮಾಡಿದಾಕಿ ಅಕಿ. ನೀ ಎಲ್ಲಿದ್ದಿ ಅವಾಗ? ಹೋಗು, ಅಕಿನ್ನ ಕರಕೊಂಡ ಬಾ."

ಆತ ಗೊಣಗಿದ. ಬಾಯಾರು ವೋಚರ್ ಪುಸ್ತಕ ಮುಚ್ಚಿ ಮುಂದಿನವರನ್ನು ಕರೆದರು. ಅಷ್ಟೇ. ಸಂಜೆಯ ಹೊತ್ತಿಗೆ ಫಕ್ಕೀರವ್ವನೇ ಬಂದು ಹೆಬ್ಬೆಟ್ಟು ಒತ್ತಿ ಹಣ ಎಣಿಸಿಕೊಂಡು ಸೆರಗಿಗೆ ಕಟ್ಟಿಕೊಂಡಳು. ಹೆಬ್ಬೆಟ್ಟು ಮಸುಕಾಗಿತ್ತೆಂದು ಆಕೆಗೂ ಬೈಗುಳ ಬಿತ್ತು.

ಆಗ ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಶಾಖೆಗೊಂದು ಕಂಪ್ಯೂಟರು ಎಂದು ಸಂಘದ ಅಧ್ಯಕ್ಷರು ಘೋಷಿಸಿದರು. ಹಾವೇರಿ ಶಾಖೆಯ ಗಂಡಸರು ಕಣ್ಣು ನೋಯುತ್ತದೆ, ಸೊಂಟ ನೋಯುತ್ತದೆ ಎಂದು ಜಾರಿಕೊಂಡರು. ಬಾಯಾರು ತಮ್ಮ ಸ್ವಂತ ಖರ್ಚಿನಲ್ಲಿ ಭಾನುವಾರ ಭಾನುವಾರ ಹುಬ್ಬಳ್ಳಿಗೆ ಹೋಗಿ ಕಲಿತು ಬಂದರು. ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ತಪ್ಪು ಕೀಲಿ ಒತ್ತಿದಾಗ ಕೀಲಿಗೇ ಬೈಯುತ್ತಿದ್ದರು. ಹೀಗೆ ಮೂರು ಕಚೇರಿಗಳಲ್ಲಿ ದಿನದ ಲೆಕ್ಕವನ್ನು ತಾವೇ ಕಂಪ್ಯೂಟರಿಗೆ ಹಾಕಿ ಫ್ಲಾಪಿಯಲ್ಲಿ ಕಳಿಸುವ ಶಾಖೆ ಬ್ಯಾಡಗಿ ಒಂದೇ ಆಯಿತು. ಹಾವೇರಿಯಿಂದ ಹಾಳೆಗಳು ಬರುತ್ತಿದ್ದವು; ಅವನ್ನು ನಾನು ಕೂತು ಟೈಪ್ ಮಾಡುತ್ತಿದ್ದೆ.

ನಾನು ರಾಣೆಬೆನ್ನೂರಿನ ಕಂಪ್ಯೂಟರ್ ಕೋಣೆಯವನು. ಗಾಜಿನ ಬಾಗಿಲು, ಹೊರಗೆ ಚಪ್ಪಲಿ ಬಿಡಬೇಕು. ಮನುಷ್ಯರಿಗೆ ಫ್ಯಾನೂ ಇಲ್ಲದ ಕಚೇರಿಯಲ್ಲಿ ಆ ಯಂತ್ರಕ್ಕೆ ಏಸಿ ಇತ್ತು. ಆ ವರ್ಷ ಅಧ್ಯಕ್ಷರು ತಮ್ಮ ಪರಿಚಯದವರಿಂದ ಹೊಸದೊಂದು ಲೆಕ್ಕಪತ್ರದ ಸಾಫ್ಟ್‌ವೇರ್ ತರಿಸಿದರು. ಮಾನಿಟರಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಮ್ಯಾನೇಜರ್ ಸಾಹೇಬರು ಬ್ಯಾಡಗಿಗೆ ಫೋನು ಮಾಡಿ, "ಬಾಯಾರ, ಇನ್ನ ಕೈಲೆ ಕಿರ್ದಿ ಬರಿಯೂದು ಬಂದ್ ಮಾಡ್ರಿ. ಎಲ್ಲಾ ಕಂಪ್ಯೂಟರ್ ನೋಡಕೋತೈತಿ" ಎಂದರು. ಬಾಯಾರು ಜಗಳವಾಡಿದರು. ಮ್ಯಾನೇಜರು ಲಿಖಿತ ಆದೇಶ ಕಳಿಸಿದರು. ದಿನದ ಲೆಕ್ಕ ಬರೆಯುವ ಕಿರ್ದಿ ಪುಸ್ತಕ ಬಂದಾಯಿತು.

ಮಾರ್ಚ್ ಮುಗಿದು ವರ್ಷದ ಲೆಕ್ಕ ಕಟ್ಟುವ ಹೊತ್ತು. ಬ್ಯಾಡಗಿಯ ಮೂರು ತಿಂಗಳ ಫ್ಲಾಪಿಗಳನ್ನು ಒಟ್ಟಿಗೇ ಹಾಕಿ ಹೊಸ ಸಾಫ್ಟ್‌ವೇರಿಗೆ ಇಂಪೋರ್ಟ್ ಮಾಡಿದೆ. ಪರದೆಯ ಮೇಲೆ ಸಾಲುಗಳು ಸರಸರನೆ ಓಡಿದವು. ಕೊನೆಗೆ ಇಂಪೋರ್ಟ್ ಮುಗಿಯಿತೆಂಬ ಸಾಲು ಬಂತು. ಅದರ ಮೇಲೆ ಇನ್ನೊಂದು ಸಾಲಿತ್ತು: ಇಷ್ಟು ನಮೂದುಗಳನ್ನು ಕೈಬಿಡಲಾಗಿದೆ, ವಿವರಕ್ಕೆ ಇಂಥ ಫೈಲು ನೋಡಿ. ನಾನು ಅದನ್ನು ಕಂಡೆ. ಕಾಣಲಿಲ್ಲ ಎಂದು ಇಷ್ಟು ವರ್ಷ ಹಲವರ ಹತ್ತಿರ ಹೇಳಿದ್ದೇನೆ, ಸುಳ್ಳು. ಕಂಡೆ, ಎಂಟರ್ ಒತ್ತಿದೆ, ಚಹಾ ಕುಡಿಯಲು ಹೋದೆ.

ಮರುದಿನ ಲೆಕ್ಕ ತೆಗೆದರೆ ಬ್ಯಾಡಗಿಗೆ ಕಳಿಸಿದ ಹಣ ಬಹಳ, ರೈತರಿಗೆ ಕೊಟ್ಟದ್ದು ಕಡಿಮೆ. ಉಳಿದದ್ದು ಶಾಖೆಯ ತಿಜೋರಿಯಲ್ಲಿರಬೇಕು. ಮ್ಯಾನೇಜರು ಫೋನು ಮಾಡಿ ಒಂದು ಮಾತು ಕೇಳಲಿಲ್ಲ. ಜೀಪು ತೆಗೆದುಕೊಂಡು ಬ್ಯಾಡಗಿಗೆ ಹೋಗಿ, ರೈತರು ಸಾಲಾಗಿ ನಿಂತಿದ್ದಾಗಲೇ ತಿಜೋರಿ ತೆಗೆಸಿ ಎಣಿಸಿದರು. ಇರಬೇಕಾದದ್ದು ಇರಲಿಲ್ಲ. ಬಾಯಾರ ಕಂಪ್ಯೂಟರಿನಲ್ಲಿ ಕೊಟ್ಟಿದ್ದೇನೆಂದು ಇದೆ, ನಮ್ಮದರಲ್ಲಿ ಇಲ್ಲ. ಹಾಗಾದರೆ ಅವರದು ಸುಳ್ಳು ನಮೂದು ಎಂದು ತೀರ್ಮಾನವಾಯಿತು. ವೋಚರುಗಳಿದ್ದವಲ್ಲ? "ಹೆಬ್ಬೆಟ್ಟು ಯಾರದರೆ ಇರಬಹುದು" ಎಂದು ಅವನ್ನೆಲ್ಲ ಗಂಟು ಕಟ್ಟಿ ತಂದು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಹಣ ಅಫರಾತಫರಾ ಆರೋಪದ ಮೇಲೆ ಸಸ್ಪೆಂಡ್ ಮಾಡಲಾಗಿದೆ ಎಂಬ ನೋಟೀಸು ಮೂರೂ ಕಚೇರಿಗಳ ಬೋರ್ಡಿನಲ್ಲಿ ಬಿತ್ತು.

ಒಬ್ಬ ಗಂಡಸಿನ ಮೇಲೆ ಅಪವಾದ ಬಂದಿದ್ದರೆ ಜನ ಎಷ್ಟು ತಿಂದ ಎಂದು ಕೇಳುತ್ತಿದ್ದರು. ಬಾಯಾರ ವಿಷಯದಲ್ಲಿ ಯಾರಿಗೆ ಕೊಟ್ಟಳು ಎಂದು ಕೇಳಿದರು. ಮದುವೆಯಾಗದ ಹೆಂಗಸು, ಒಬ್ಬಳೇ ಓಡಾಡುತ್ತಾಳೆ. ನಮ್ಮ ಕಚೇರಿಯ ಚಹಾದ ಹೊತ್ತಿನಲ್ಲಿ ನಡೆದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಆ ಮಾತು ಆಡಿದವರಲ್ಲಿ ಇಬ್ಬರು ಮೊನ್ನೆ ಸಾವಿನ ಸುದ್ದಿ ಕೇಳಿ ಅವರ ಮನೆಯವರನ್ನು ಮಾತಾಡಿಸಿಕೊಂಡು ಬರಲು ಹೋಗಿದ್ದರಂತೆ.

ಬಾಯಾರು ರಾಣೆಬೆನ್ನೂರಿಗೆ ಬಂದರು. ಲೆಕ್ಕದ ಪ್ರತಿ ತೋರಿಸಿ ಎಂದರು. ವಿಚಾರಣೆ ನಡೆಯುತ್ತಿದೆ, ತೋರಿಸುವ ಹಾಗಿಲ್ಲ ಎಂದರು ಮ್ಯಾನೇಜರು. ಬಾಯಾರು ನನ್ನ ಗಾಜಿನ ಬಾಗಿಲಿನ ಎದುರಿನ ಬೆಂಚಿನ ಮೇಲೆ ಕೂತರು. ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ಕೂತರು. ಅವರು ಅಳಲಿಲ್ಲ, ಯಾರ ಕಾಲಿಗೂ ಬೀಳಲಿಲ್ಲ. ಬಂದುಹೋಗುವ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕೂಗಿ, "ನಾ ಕಳ್ಳಿ ಅಂತ ನಿನಗೂ ಅನಸ್ತದೇನ?" ಎಂದು ಕೇಳುತ್ತಿದ್ದರು. ಜನ ಹಿಂದಿನ ಬಾಗಿಲಿನಿಂದ ಓಡಾಡತೊಡಗಿದರು.

ಮೂರನೆಯ ದಿನ ಮ್ಯಾನೇಜರು ಹಾವೇರಿಗೆ ಹೋಗಿದ್ದರು. ನಾನು ಊಟಕ್ಕೆಂದು ಹೊರಬಂದೆ. ಬಾಯಾರು ಎದ್ದು ಅಡ್ಡ ನಿಂತರು.

"ಯಾವ ಹಾಳಿ ನೋಡಿ ನನ್ನ ಕಳ್ಳಿ ಅಂದ್ರಿ, ಆ ಹಾಳಿ ನಾ ನೋಡಬಾರದೇನ?"

"ಸಾಹೇಬ್ರು ಬ್ಯಾಡ ಅಂದಾರ್ರಿ, ಬಾಯಾರ."

"ಸಾಹೇಬ್ರ ಮಾತು ಬಿಡು. ನಿನಗ ಏನ ಅನಸ್ತದ ಹೇಳು."

ನಾನು ಒಳಗೆ ಹೋಗಿ ಬ್ಯಾಡಗಿ ಶಾಖೆಯ ನಮೂದುಗಳ ಪ್ರಿಂಟನ್ನು ಪೂರ್ತಿ ತೆಗೆದು ತಂದುಕೊಟ್ಟೆ. ಅವರು ನಿಂತುಕೊಂಡೇ ಓದಿದರು, ಪ್ರತಿ ಸಾಲಿನ ಮೇಲೂ ಪೆನ್ಸಿಲ್ ಇಡುತ್ತ. ನಾಲ್ಕು ಪುಟ ತಿರುವಿದ ಮೇಲೆ ಪೆನ್ಸಿಲ್ ನಿಂತಿತು.

"ಏ, ಇಲ್ಲಿ ಬಾ. ನಿಮ್ಮ ರಾಣೆಬೆನ್ನೂರಾಗ ತಿಂಗಳಿಗೆ ಎಷ್ಟು ದಿನಾ?"

"ಯಾಕ್ರಿ?"

"ಹದಿಮೂರನೇ ತಾರೀಖು ಎಲ್ಲೈತಿ ತೋರ್ಸು. ಹದಿನಾಲ್ಕು? ಇಪ್ಪತ್ತು? ಬೀಜದ ರಿಪೋರ್ಟು ಬರೂದ ತಿಂಗಳ ಹದಿನೈದಕ್ಕ. ಹತ್ತರಾಗ ಎಂಟು ಮಂದಿಗೆ ನಾ ರೊಕ್ಕ ಕೊಡೂದ ಅದರ ಮ್ಯಾಲೆ. ಹನ್ನೆರಡರ ಮುಂದ ಒಂದ ಸಾಲೂ ಇಲ್ಲಲ್ಲೋ ಇದರಾಗ!"

ನಾನು ಹಾಳೆ ಕೈಗೆ ತೆಗೆದುಕೊಂಡೆ. ನಿಜ. ಒಂದೂ ಇರಲಿಲ್ಲ. ಅಷ್ಟರಲ್ಲಿ ಅವರ ಬೆರಳು ಇನ್ನೊಂದು ಸಾಲಿನ ಮೇಲೆ ಬಿತ್ತು. ಅವರ ದನಿ ಇಡೀ ಕಚೇರಿಗೆ ಕೇಳಿತು.

"ಇದನ್ನ ನೋಡ್ರಿ! ಅಕ್ಟೋಬರ ಎರಡಕ್ಕ ನಾ ರೊಕ್ಕ ಕೊಟ್ಟೇನಂತ. ಈ ವರ್ಷದ ಅಕ್ಟೋಬರ! ಇದು ಏಪ್ರಿಲ್ ಅಲ್ಲೇನ? ಇನ್ನೂ ಬರದಿದ್ದ ಗಾಂಧಿ ಜಯಂತಿಗೆ, ಸೂಟಿ ದಿನಾ, ನಾ ಆಫೀಸ್ ತಗದು ರೊಕ್ಕ ಹಂಚೇನಿ! ಇಂಥಾ ಹಾಳಿ ನೋಡಿ ಬೋರ್ಡಿಗೆ ನೋಟೀಸು ಹಚ್ಚಿದ್ರಿ. ಒಬ್ಬರರೆ ಓದಿದ್ರೇನ ಇದನ್ನ? ಒಬ್ಬರರೆ?"

ಅವರು ಚಪ್ಪಲಿ ಕಳಚದೆ ಒಳಗೆ ಬಂದು ನನ್ನ ಪಕ್ಕದಲ್ಲಿ ಕುರ್ಚಿ ಎಳೆದು ಕೂತರು. ಕೈಬಿಟ್ಟ ನಮೂದುಗಳ ಫೈಲನ್ನು ನಾನು ಆಗ ಮೊದಲ ಸಲ ತೆರೆದೆ. ಹನ್ನೆರಡರ ನಂತರದ ತಾರೀಖುಗಳೆಲ್ಲ ಅಲ್ಲಿದ್ದವು. ಒಂದರ ಕೆಳಗೊಂದು, ಪುಟಗಟ್ಟಲೆ, ಪ್ರತಿಯೊಂದರ ಮುಂದೆಯೂ ತಾರೀಖು ತಪ್ಪು ಎಂಬ ಷರಾ. ಬ್ಯಾಡಗಿಯ ಯಂತ್ರ ಮೊದಲು ದಿನ, ಆಮೇಲೆ ತಿಂಗಳು ಬರೆಯುತ್ತಿತ್ತು. ಹೊಸ ಸಾಫ್ಟ್‌ವೇರು ಮೊದಲ ಅಂಕಿಯನ್ನೇ ತಿಂಗಳು ಎಂದು ಓದುತ್ತಿತ್ತು. ಹಾಗಾಗಿ ಫೆಬ್ರುವರಿ ಹತ್ತು ಅಕ್ಟೋಬರ್ ಎರಡಾಯಿತು. ಫೆಬ್ರುವರಿ ಹದಿನೆಂಟು ಬಂದಾಗ ಹದಿನೆಂಟನೆಯ ತಿಂಗಳು ಯಾವುದೆಂದು ತಿಳಿಯದೆ ಆ ಸಾಲನ್ನೇ ಹೊರಗೆ ಹಾಕಿತು. ಹೊರಗೆ ಹಾಕಿದ್ದೇನೆಂದು ಹೇಳಿಯೂ ಇತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ನಾನು ಕೇಳಿಸಿಕೊಂಡಿರಲಿಲ್ಲ.

ಸರಿಪಡಿಸುವ ಗಡಿಬಿಡಿಯಲ್ಲಿ ಇನ್ನೊಂದು ತಪ್ಪು ಮಾಡಿದೆ. ಮೊದಲು ಹಾಕಿದ್ದನ್ನು ಅಳಿಸದೆ ಮತ್ತೆ ಇಂಪೋರ್ಟ್ ಮಾಡಿದೆ. ಹನ್ನೆರಡರೊಳಗಿನವು ಎರಡೆರಡು ಸಲ ಕೂಡಿಕೊಂಡವು. "ಮೊದಲ ಪಾಟಿ ಒರಸಬೇಕು, ಆಮ್ಯಾಲ ಬರೀಬೇಕು. ಇಷ್ಟೂ ಗೊತ್ತಿಲ್ಲೇನ ನಿನಗ?" ಎಂದು ಬಾಯಾರು ಮೇಜು ಗುದ್ದಿದರು. ಎಲ್ಲ ಅಳಿಸಿದೆ. ದಿನ-ತಿಂಗಳಿನ ಸ್ಥಾನ ಅದಲುಬದಲು ಮಾಡಿ ಹೊಸದಾಗಿ ಹಾಕಿದೆ. ಆಗಲೂ ಒಬ್ಬ ರೈತನ ಹಣದಷ್ಟು ವ್ಯತ್ಯಾಸ ಉಳಿಯಿತು. ಇಷ್ಟು ಸಾಕಲ್ಲ ಎಂದೆ. ಅವರು ನನ್ನನ್ನು ನೋಡಿದ ನೋಟಕ್ಕೆ ಮತ್ತೆ ಪರದೆಯ ಕಡೆ ತಿರುಗಿದೆ.

ಹುಡುಕಿದಾಗ ಅದೂ ಸಿಕ್ಕಿತು. ನಿಂಗಪ್ಪ ಎಂಬ ಹೆಸರಿನ ಇಬ್ಬರು ರೈತರಿದ್ದರು. ಗೊಂದಲವಾಗಬಾರದೆಂದು ಬಾಯಾರು ಒಬ್ಬನ ಹೆಸರಿನ ಮುಂದೆ ಅಲ್ಪವಿರಾಮ ಹಾಕಿ ಊರಿನ ಹೆಸರು ಬರೆದಿದ್ದರು. ಸಾಫ್ಟ್‌ವೇರಿಗೆ ಅಲ್ಪವಿರಾಮವೆಂದರೆ ಮುಂದಿನ ಕಾಲಮ್ಮು. ಊರು ಹಣದ ಜಾಗಕ್ಕೆ ಬಂದು ಕೂತು, ಹಣ ಸೊನ್ನೆಯಾಗಿತ್ತು.

"ಇಬ್ರೂ ನಿಂಗಪ್ಪ ಅಂದ್ರ ಊರು ಬರೀಬೇಕೋ ಬ್ಯಾಡೋ?" ಎಂದು ಅವರು ಪರದೆಯನ್ನು ಕೇಳಿದರು.

ಆ ಅಲ್ಪವಿರಾಮ ತೆಗೆದ ಮೇಲೆ ಲೆಕ್ಕ ತಿಜೋರಿಯಲ್ಲಿ ಸಿಕ್ಕ ಹಣಕ್ಕೆ ರೂಪಾಯಿಗೆ ರೂಪಾಯಿ ಹೊಂದಿತು.

ಇಲ್ಲಿಗೆ ಮುಗಿಯಬೇಕಿತ್ತು. ಮನುಷ್ಯರು ಮನುಷ್ಯರ ಹಾಗೆ ನಡೆದುಕೊಂಡಿದ್ದರೆ ಮುಗಿಯುತ್ತಿತ್ತು. ಮ್ಯಾನೇಜರು ಹೊಸ ಪ್ರಿಂಟನ್ನು ನೋಡಿ, "ಸರಿ ಆತಲ್ಲ, ಬಿಡ್ರಿ. ಸೋಮವಾರದಿಂದ ಡ್ಯೂಟಿಗೆ ಹೋಗ್ರಿ" ಎಂದರು. ಬಾಯಾರು, ಅಪವಾದದ ನೋಟೀಸು ಹಚ್ಚಿದ ಬೋರ್ಡಿನಲ್ಲೇ ತಪ್ಪೊಪ್ಪಿಗೆಯ ನೋಟೀಸು ಹಚ್ಚಿರಿ ಎಂದರು. ಅದಾಗದು ಎಂದರು ಮ್ಯಾನೇಜರು. ಅಧ್ಯಕ್ಷರು ಕಾಯಿ ಒಡೆದು ತಂದ ಸಾಫ್ಟ್‌ವೇರು. ಅದರ ಬಗ್ಗೆ ಬೋರ್ಡಿನಲ್ಲಿ ಬರೆದರೆ ಮರ್ಯಾದೆ ಏನಾಗಬೇಕು? ಹಾಗಾದರೆ ಡ್ಯೂಟಿಗೆ ಹೋಗುವುದಿಲ್ಲ ಎಂದು ಬಾಯಾರು ಹೊರಟುಹೋದರು.

ಮ್ಯಾನೇಜರು ನನ್ನನ್ನು ಕರೆದು ಟೈಪ್ ಮಾಡಿಟ್ಟ ವರದಿಯೊಂದನ್ನು ಮುಂದಿಟ್ಟರು. ಬ್ಯಾಡಗಿ ಶಾಖೆಯಿಂದ ಬಂದ ಫ್ಲಾಪಿಯಲ್ಲಿನ ದೋಷದಿಂದ ವ್ಯತ್ಯಾಸ ಉಂಟಾಗಿತ್ತು ಎಂದಿತ್ತು. ಫ್ಲಾಪಿಯಲ್ಲಿ ದೋಷವಿರಲಿಲ್ಲ. ನನಗೆ ಆಗ ಇಪ್ಪತ್ತಾರು ವರ್ಷ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಮನೆಯಲ್ಲಿ ಬಾಣಂತಿ. ಇವೆಲ್ಲ ನಿಜ. ಆದರೂ ಸಹಿ ಮಾಡಿದ ಕೈ ನನ್ನದೇ.

ನಾಲ್ಕು ದಿನಕ್ಕೆ ಬಾಯಾರಿಗೆ ಅದರ ಪ್ರತಿ ಸಿಕ್ಕಿತು. ನೇರ ನನ್ನ ಮೇಜಿಗೆ ಬಂದರು.

"ಇದು ನಿನ್ನ ಸಹಿ ಅಲ್ಲ?"

"ಹೌದ್ರಿ."

"ಹೆಬ್ಬೆಟ್ಟು ಆಗಿದ್ರ ಬಿಡ್ತಿದ್ದೆ. ಓದಾಕ ಬರಲಿಲ್ಲ, ಒತ್ತಿದ ಅಂತಿದ್ದೆ. ನೀ ಓದಿ ಸಹಿ ಮಾಡೀದಿ. ನನ್ನ ಬಾಜೂಕ ಕುಂತು ಎಲ್ಲಾ ನೋಡಿ, ಆಮ್ಯಾಲ ಸಹಿ ಮಾಡೀದಿ."

ಸುತ್ತಲಿದ್ದವರೆಲ್ಲ ಕೇಳಿದರು. ನನ್ನ ಕಿವಿ ಈಗಲೂ ಬಿಸಿಯಾಗುತ್ತದೆ.

ಸಂಘದ ವಾರ್ಷಿಕ ಸಭೆ ನಮ್ಮ ಗೋದಾಮಿನ ಅಂಗಳದಲ್ಲಿ ಶಾಮಿಯಾನ ಹಾಕಿ ನಡೆಯಿತು. ಬಾಯಾರು ಬ್ಯಾಡಗಿ ಕಡೆಯ ರೈತರನ್ನು ಎರಡು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದರು. ಲೆಕ್ಕಪತ್ರ ಮಂಡನೆ ಶುರುವಾಗುತ್ತಲೇ ಎದ್ದು ನಿಂತರು. ಅವರ ಕೈಯಲ್ಲಿದ್ದದ್ದು ಕೈಬಿಟ್ಟ ನಮೂದುಗಳ ಪಟ್ಟಿ. ಅದನ್ನು ಪ್ರಿಂಟ್ ತೆಗೆದು ಕೊಟ್ಟವನು ನಾನೇ. ಸಹಿ ಮಾಡಿದ ಮರುವಾರ ಬಸ್‌ಸ್ಟ್ಯಾಂಡಿನಲ್ಲಿ ಅವರ ಕೈಗಿಟ್ಟಿದ್ದೆ. ಅವರು ಮಡಚಿ ಹೆಗಲ ಚೀಲಕ್ಕೆ ಹಾಕಿಕೊಂಡಿದ್ದರು.

ಅಧ್ಯಕ್ಷರು ಕುಳಿತುಕೊಳ್ಳಿ ಎಂದರು. ಬಾಯಾರು ಓದತೊಡಗಿದರು. ಹೆಸರು, ತಾರೀಖು, ಮೊತ್ತ.

"ಫಕ್ಕೀರವ್ವ. ಫೆಬ್ರುವರಿ ಹದಿನೆಂಟು. ಮುಟ್ಟೇತೋ ಇಲ್ಲೋ?"

ಹಿಂದಿನಿಂದ ಫಕ್ಕೀರವ್ವ ಎದ್ದಳು. "ಮುಟ್ಟೇತ್ರಿ. ನನ್ನ ಕೈಯಾಗ ಕೊಟ್ಟೀರಿ, ಗಂಡನ ಕೈಯಾಗ ಅಲ್ಲ."

"ನಿಂಗಪ್ಪ, ಮೋಟೆಬೆನ್ನೂರ. ಮಾರ್ಚ್ ಇಪ್ಪತ್ತು."

"ಮುಟ್ಟೇತ್ರಿ."

ಒಬ್ಬೊಬ್ಬರಾಗಿ ಎದ್ದರು. ಮುಟ್ಟೇತಿ, ಮುಟ್ಟೇತಿ ಎನ್ನುವ ದನಿ ಅಂಗಳದ ತುದಿಯವರೆಗೂ ಹೋಯಿತು. ಬಾರದವರ ಪರವಾಗಿ ಅವರ ಓಣಿಯವರು ಹೇಳಿದರು. ಪಟ್ಟಿ ಮುಗಿಯುವವರೆಗೆ ಬಾಯಾರನ್ನು ಕೂರಿಸಲು ಯಾರಿಂದಲೂ ಆಗಲಿಲ್ಲ. ಆಮೇಲೆ ಬಾಯಾರು ನನ್ನ ಕಡೆ ಕೈ ಮಾಡಿ, "ಈ ಸಾಲು ಯಾಕ ಬಿಟ್ಟ ಹೋದವು ಅಂತ ಅಂವ ಹೇಳ್ತಾನ" ಎಂದರು.

ನಾನು ಎದ್ದೆ. ಫ್ಲಾಪಿ ಸರಿಯಾಗಿತ್ತು, ಇಂಪೋರ್ಟ್ ಮಾಡಿದವನು ನಾನು, ಎಚ್ಚರಿಕೆ ಬಂದಿತ್ತು, ನೋಡಲಿಲ್ಲ, ವರದಿಗೆ ಸುಳ್ಳು ಸಹಿ ಹಾಕಿದ್ದೇನೆ ಎಂದೆ. ಕೂತೆ. ಕೆಲಸ ಹೋಗಲಿಲ್ಲ, ಆ ಯಂತ್ರ ನಡೆಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ, ಅಷ್ಟೇ. ಕಾಯಂ ಮಾತ್ರ ಮೂರು ವರ್ಷ ಆಗಲಿಲ್ಲ.

ಆರೋಪ ಹಿಂಪಡೆಯಲಾಗಿದೆ ಎಂದು ಠರಾವು ಬರೆದರು. ತಪ್ಪಾಯಿತು ಎಂಬ ಶಬ್ದ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಸಾಫ್ಟ್‌ವೇರ್ ಕೊಟ್ಟವರಿಗೆ ಪೂರ್ತಿ ಬಿಲ್ಲು ಪಾವತಿಯಾಯಿತು. ಮ್ಯಾನೇಜರು ಮ್ಯಾನೇಜರಾಗಿಯೇ ಉಳಿದರು. ಬಾಯಾರು ರಾಜೀನಾಮೆ ಕೊಡುತ್ತಾರೆಂದು ಎಲ್ಲರೂ ಎಣಿಸಿದ್ದರು. "ನಾ ಯಾಕ ಬಿಡ್ಲಿ? ನಾಚಿಕಿ ಇದ್ದಾವ್ರು ಬಿಡ್ಲಿ" ಎಂದು ಮರುದಿನ ಹೋಗಿ ಅದೇ ಕುರ್ಚಿಯಲ್ಲಿ ಕೂತರು.

ಅಂದಿನಿಂದ ಪ್ರತಿ ಫ್ಲಾಪಿಯ ಜೊತೆ ಅವರ ಕೈಬರಹದ ಚೀಟಿ ಬರುತ್ತಿತ್ತು: ಇಷ್ಟು ಸಾಲು ಕಳಿಸಿದ್ದೇನೆ, ಮೊತ್ತ ಇಷ್ಟು. ನನಗೆ ಎಷ್ಟು ಸಾಲು ಮುಟ್ಟಿದವು, ಮೊತ್ತ ಎಷ್ಟಾಯಿತು ಎಂದು ಅದರ ಹಿಂದೆ ಬರೆದು ವಾಪಸು ಕಳಿಸಬೇಕು. ಬರುವುದು ತಡವಾದರೆ ಫೋನು ಬರುತ್ತಿತ್ತು. ಕೈಲಿ ಕಿರ್ದಿಯನ್ನೂ ಮತ್ತೆ ಬರೆಯತೊಡಗಿದರು. ಬೇಡ ಎನ್ನಲು ಈ ಸಲ ಯಾರಿಗೂ ಧೈರ್ಯವಾಗಲಿಲ್ಲ. ಆಮೇಲೆ ನಾನು ಎಷ್ಟೋ ಕಡೆ ಎಷ್ಟೋ ಯಂತ್ರಗಳ ಮುಂದೆ ಕೆಲಸ ಮಾಡಿದೆ. ಕಳಿಸಿದ್ದೆಷ್ಟು, ಮುಟ್ಟಿದ್ದೆಷ್ಟು ಎಂದು ಎಣಿಸದೆ ಒಂದು ಫೈಲನ್ನೂ ಒಳಗೆ ಬಿಟ್ಟಿಲ್ಲ.

ಒಮ್ಮೆ ಬ್ಯಾಡಗಿಗೆ ಹೋದಾಗ ಧೈರ್ಯ ಮಾಡಿ, "ಬಾಯಾರ, ನನ್ನ ಮ್ಯಾಲ ಇನ್ನೂ ಸಿಟ್ಟ ಐತೇನ್ರಿ?" ಎಂದು ಕೇಳಿದೆ.

"ಇರದ ಏನ? ಆ ಚೀಟಿ ಇನ್ನೂ ಬಂದಿಲ್ಲ ನೋಡು, ಶನಿವಾರದ್ದು" ಎಂದರು.

ಕೆಲವು ವರ್ಷಗಳ ನಂತರ ಮ್ಯಾನೇಜರು ನಿವೃತ್ತರಾದರು. ರಾಣೆಬೆನ್ನೂರಿನ ಒಂದು ಕಲ್ಯಾಣಮಂಟಪದಲ್ಲಿ ಮಧ್ಯಾಹ್ನ ಬೀಳ್ಕೊಡುಗೆ. ಶಾಲು, ಹಣ್ಣಿನ ಬುಟ್ಟಿ, ಬೆಳ್ಳಿಯ ತಟ್ಟೆ. ಒಬ್ಬರಾದ ಮೇಲೊಬ್ಬರು ಎದ್ದು ಸಾಹೇಬರ ಶಿಸ್ತನ್ನು, ದೊಡ್ಡ ಮನಸ್ಸನ್ನು ಹೊಗಳಿದರು. ನಾನೂ ಎರಡು ಮಾತಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಊಟದ ಮನೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಇನ್ನು ಯಾರಾದರೂ ಮಾತಾಡುವವರಿದ್ದಾರೆಯೇ ಎಂದು ನಿರೂಪಕ ಸುಮ್ಮನೆ ಶಾಸ್ತ್ರಕ್ಕೆ ಕೇಳಿದ. ಬಾಯಾರು ಹೆಗಲ ಚೀಲದೊಂದಿಗೇ ವೇದಿಕೆ ಹತ್ತಿದರು.

"ನನಗ ಭಾಷಣ ಬರಂಗಿಲ್ಲ" ಎಂದರು ಮೈಕಿನಲ್ಲಿ. "ಈ ಸಾಹೇಬ್ರು ಒಮ್ಮೆ ನನ್ನ ಕಳ್ಳಿ ಅಂದ್ರು. ಅಲ್ಲ ಅಂತ ಗೊತ್ತಾದ ಮ್ಯಾಲೂ ತಪ್ಪಾತು ಅಂತ ಇವತ್ತಿನ ತನಕಾ ಅಂದಿಲ್ಲ. ನಾಳಿಗೆ ಇವರು ಆಫೀಸಿಗೆ ಬರಂಗಿಲ್ಲ, ನಾ ಇವರ ಮನೀಗೆ ಹೋಗಂಗಿಲ್ಲ. ಅದಕ್ಕ ಈಗ ಹೇಳ್ಲಿ. ಹೇಳಿದ್ರ ಎಲ್ಲಾರೂ ಊಟಕ್ಕ ಏಳೂನು."

ನಿರೂಪಕ ಮೈಕಿಗೆ ಕೈ ಹಾಕಲು ಹೋದ, ಬಾಯಾರು ಬಿಡಲಿಲ್ಲ. ಸಾಹೇಬರು ಶಾಲನ್ನು ಸರಿಪಡಿಸಿಕೊಂಡರು, ಅಧ್ಯಕ್ಷರ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಕೊನೆಗೆ ಕೂತಲ್ಲಿಂದಲೇ ತುಟಿ ಅಲ್ಲಾಡಿಸಿದರು.

"ಕೇಳಿಸಲಿಲ್ರಿ," ಎಂದರು ಬಾಯಾರು. ಸ್ಟ್ಯಾಂಡಿನಿಂದ ಮೈಕು ಬಿಡಿಸಿ ಅವರ ಬಾಯಿಯ ಹತ್ತಿರ ಹಿಡಿದರು. "ಇದರಾಗ ಹೇಳ್ರಿ."

"ತಪ್ಪಾತ್ರಿ, ಬಾಯಾರ" ಎಂದರು ಸಾಹೇಬರು. ಮಂಟಪದ ನಾಲ್ಕೂ ಮೂಲೆಯ ಸ್ಪೀಕರುಗಳಲ್ಲಿ ಅದು ಕೇಳಿತು.

ಬಾಯಾರು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. ಇಳಿದು ನೇರ ಊಟದ ಮನೆಗೆ ನಡೆದು, ಇನ್ನೂ ಯಾರೂ ಕೂರದಿದ್ದ ಮೊದಲ ಪಂಕ್ತಿಯ ಮೊದಲ ಎಲೆಗೆ ಕೂತರು. ಎರಡು ಸಲ ಹೋಳಿಗೆ ಹಾಕಿಸಿಕೊಂಡರು. ತುಪ್ಪ ಕಡಿಮೆ ಬಿತ್ತೆಂದು ಬಡಿಸುವವನಿಗೆ ಬೈದರು.